ಉಪ್ಪಿನ ದ್ವೀಪದ ಸಕ್ಕರೆ

ಪಾಗ್ ದ್ವೀಪದಿಂದ ಬಂದ ಐದು ನಳಿಗೆ,
ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ.
ಹೆಸರಿಲ್ಲ, ಬರೀ ಸಂಖ್ಯೆ. ಆದರೂ ನನಗೆ ಗೊತ್ತು,
ಪೆರೀನಾಳ ರಕ್ತ.
ಝಾಗ್ರೆಬಿಗೆ ಒಮ್ಮೆ ಬಂದವಳು ಕೇಳಿದ್ದಳು:
"ನನಗೆ ಸಕ್ಕರೆ ಕಾಯಿಲೆ ಇಲ್ಲವಲ್ಲ ತಿಹಾನಾ,
ನನ್ನ ಸಕ್ಕರೆ ಯಾಕೆ ಎಣಿಸುತ್ತೀ?"
ನಗುವಾಗ ಬಾಯಿಗೆ ಅಡ್ಡ ಹಿಡಿದ ಕೈ
ಪೂರ್ತಿ ಮಡಚುತ್ತಿರಲಿಲ್ಲ.

ಅವಳೂರಿನ ಬೆಳೆ ಉಪ್ಪು.
ಬೂರಾ ಗಾಳಿ ಎದ್ದರೆ ಕಲ್ಲಿಗೆ ಉಪ್ಪು, ಕುರಿಯ ಮೇವಿಗೆ ಉಪ್ಪು,
ಕಿಟಕಿಯ ಗಾಜು ನೆಕ್ಕಿದರೂ ಉಪ್ಪು.
ಅಲ್ಲಿ ಕೂತು ಸೂಜಿಯಲ್ಲಿ ಲೇಸು ಹೆಣೆಯುತ್ತಾಳೆ,
ನಕ್ಷೆಯಿಲ್ಲ, ಅಜ್ಜಿಯ ಬೆರಳಿನಿಂದ ಇಳಿದು ಬಂದ ಲೆಕ್ಕ.
ಮೂವತ್ತೊಂದಕ್ಕೇ ಗೆಣ್ಣುಗಳು ಊದಿದವು.

ಅವಳಿಗೆ ಹೀಗೆ ಹೇಳಿದ್ದೆ:
ಪ್ರತಿಕಾಯವೆಂದರೆ ಒಂದು ಕವೆಗೋಲು ಅಂದುಕೋ.
ಕವಲೆರಡು ವೈರಿಯನ್ನು ಹಿಡಿಯುತ್ತವೆ, ಅದು ಎಲ್ಲರಿಗೂ ಗೊತ್ತು.
ಹಿಡಿ ಇದೆಯಲ್ಲ, ಅದರ ಒಳಮಡಿಕೆಯಲ್ಲಿ
ಸಕ್ಕರೆಯ ಪುಟ್ಟ ಕೊಂಬೆ.
ತುದಿಗೆ ಗ್ಯಾಲಕ್ಟೋಸ್ ಕೂತು
ಮೇಲೊಂದು ಸಿಯಾಲಿಕ್ ಆಮ್ಲದ ಟೊಪ್ಪಿಗೆ ಇದ್ದರೆ
ಕಾವಲಿನ ಕೋಶಗಳಿಗೆ ಪಿಸುಗುಟ್ಟುತ್ತದೆ:
ಸಾಕು ಬಿಡು, ಇವರು ನಮ್ಮವರೇ.
ತುದಿ ಬೋಳಾದರೆ
ಅದೇ ಕೋಲು, ಅದೇ ಹಿಡಿತ,
ಮಾತು ಮಾತ್ರ ಬೇರೆ: ಹೊಡಿ.
(ಇಷ್ಟು ಸರಳವಲ್ಲ. ಆದರೆ ಅವಳಿಗೆ ಬಸ್ಸು ಹಿಡಿಯಬೇಕಿತ್ತು.)

ಮೊದಲ ನಳಿಗೆ, ಬಸಿರಿಗೆ ಮುಂಚಿನದು: ಬೋಳು.
ಪರದೆಯ ಮೇಲೆ ಇಪ್ಪತ್ತನಾಲ್ಕು ಶಿಖರ,
ಎಡಗಡೆ ಬೆಟ್ಟ, ಬಲಕ್ಕೆ ಬರುತ್ತ ದಿಬ್ಬ, ಆಮೇಲೆ ಬಯಲು.
ಐದನೆಯ ತಿಂಗಳದ್ದು, ಎಂಟನೆಯದು:
ಬಲಗಡೆ ಏಳುತ್ತಿದೆ, ಏಳುತ್ತಲೇ ಇದೆ.
ಅರ್ಧ ಅನ್ಯವಾದ ಜೀವಕ್ಕೆ ಜಾಗ ಮಾಡುತ್ತ
ಮೈ ತನ್ನನ್ನೂ ಕ್ಷಮಿಸಿಕೊಂಡಿತ್ತು.
ಆ ಚಳಿಗಾಲ ಗುಳಿಗೆ ಬಿಟ್ಟಳು,
ತೊಟ್ಟಿಲ ಹೊದಿಕೆಗೆ ಅಂಚು ಹೆಣೆದಳು,
ಒಂದು ಮೂಲೆ ಉಳಿಸಿಕೊಂಡು:
ಕೂಸು ಬರಲಿ, ಆಮೇಲೆ ಮುಗಿಸುತ್ತೇನೆ.

ನಾಲ್ಕನೆಯದು ಹೆರಿಗೆಯಾದ ಆರನೆಯ ವಾರದ್ದು.
ಐದನೆಯದನ್ನು ಯಂತ್ರಕ್ಕಿಟ್ಟು
ಕಾಫಿ ತರಲು ಹೋದೆ, ಬೇಕೆಂದೇ ತಡಮಾಡಿದೆ.
ಬಂದು ನೋಡಿದರೆ ಬೆಟ್ಟಗಳೆಲ್ಲ
ಮತ್ತೆ ಎಡಕ್ಕೆ ಸರಿದು ಕೂತಿವೆ.

ನನ್ನ ಕೋಷ್ಟಕದಲ್ಲಿ ಅದೊಂದು ಶೇಕಡಾವಾರು,
ದಶಮಾಂಶದ ಎರಡನೆಯ ಸ್ಥಾನದವರೆಗೆ.
ಪಾಗ್‌ನಲ್ಲಿ ಅದು
ಮಗುವಿನ ಅಂಗಿಯ ಗುಂಡಿ.
ಈಗ ಶಿಮೆಯೇ ಹಾಕುತ್ತಾನಂತೆ,
ದಿನವೂ ತಪ್ಪು ಕಾಜಕ್ಕೆ.