ತೆಳ್ಳಗೆ ಹಚ್ಚಬೇಕು

ಮೊದಲು ತೊಳೆದದ್ದು ಗಾಯವನ್ನಲ್ಲ,
ಟೂತ್‌ಪೇಸ್ಟನ್ನು.
ಕಾತ್ರಜ್ ಗುಡ್ಡದ ಬುಡದ ಶೆಡ್ಡಿನಲ್ಲಿ ಯಾರೋ ಅಕ್ಕರೆಯಿಂದ
ಅರ್ಧ ಟ್ಯೂಬು ಮೆತ್ತಿದ್ದರು, ಪುದೀನ ವಾಸನೆಯದು.
ಸಲೈನಿನಲ್ಲಿ ನೆನೆಸಿ, ನೆನೆಸಿ, ಬಿಡಿಸುತ್ತ ಹೋದಂತೆ
ಅದರಡಿಯಿಂದ ಒಬ್ಬ ಹುಡುಗ ಹೊರಬಂದ:
ಮಾಳಿಂಗ, ಐದು ವರ್ಷ, ಇಂಡಿ ತಾಲೂಕು.
ಚಹಾದ ಪಾತೇಲಿ. ಬಲಗೆನ್ನೆ, ಗದ್ದ, ಕಿವಿಯ ಹಾಲೆ.

ಪುಣೆಯ ಈ ವಾರ್ಡಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ.
ಹಾಗಾಗಿ ಅವನ ಬೈಗುಳವೆಲ್ಲ ನನ್ನ ಪಾಲಿಗೆ.

ಮುಖಕ್ಕೆ ಪಟ್ಟಿ ಕಟ್ಟುವುದಿಲ್ಲ ನಾವು.
ಉಸಿರಾಡುವ, ಉಣ್ಣುವ, ಮುನಿಯುವ ಜಾಗ ಅದು;
ತೆರೆದೇ ಇಡಬೇಕು, ಒಣಗಗೊಡಬಾರದು.
ನೀರಿನ ಬಣ್ಣದ ಜೆಲ್ಲು, ತಣ್ಣಗಿನದು,
ಗ್ಲೌಸಿನ ಬೆರಳ ತುದಿಯಲ್ಲಿ ಹೆಸರುಕಾಳಿನಷ್ಟು,
ಕಣ್ಣಿನ ಕಡೆ ಹರಿಯದಂತೆ, ಮೆಲ್ಲಗೆ.
"ದಪ್ಪ ಬೇಡ ಸಿಸ್ಟರ್, ಶಿರಾ ಅಲ್ಲ ಅದು"
ಎನ್ನುತ್ತಾರೆ ಡಾಕ್ಟರ್ ಪೆಂಡ್ಸೆ, ದಿನಾ, ಅದೇ ಜೋಕು.

ಮೂರನೆಯ ದಿನ ಅವನೆಂದ:
"ಬಸವನ ಹುಳ ಹೋದಂಗ ಆಗ್ತೈತಿ."
ಹನ್ನೊಂದು ವರ್ಷದಿಂದ ಹಚ್ಚುತ್ತಿದ್ದೇನೆ,
ನನಗೆ ಹೊಳೆದಿರಲಿಲ್ಲ.
ಅಂದಿನಿಂದ ದಿನಕ್ಕೆರಡು ಸಲ ಹುಳ ಬರುತ್ತದೆ.
ಗದ್ದ ಹತ್ತುತ್ತದೆ, ಕಿವಿಯ ತಿರುವಿನಲ್ಲಿ ದಾರಿ ತಪ್ಪುತ್ತದೆ,
ಅದು ದಾಟುವ ತನಕ ಅವನು ಉಸಿರು ಬಿಗಿಹಿಡಿದಿರುತ್ತಾನೆ.
ತುರಿಕೆ ಶುರುವಾದ ಮೇಲೆ ಕೈಗೆ ಕಾಲುಚೀಲ ತೊಡಿಸಿದೆವು.
ಹುಳ ತುಳಿಯಬಾರದು ಅಂತ, ಎಂದೆ. ಒಪ್ಪಿದ.

ವಾರ್ಡಿನ ಕನ್ನಡಿ ಎಂದೋ ತೆಗೆದಿಟ್ಟಿದ್ದೇವೆ.
ಉಪ್ಪಿಟ್ಟು ಮುಗಿದದ್ದೇ ತಡ, ಸ್ಟೀಲಿನ ತಟ್ಟೆ ಎತ್ತಿ ನೋಡಿಕೊಂಡ.
"ಡೊಂಕ ಆಗೇನಿ."
ತಟ್ಟೆ ಡೊಂಕು, ಎಂದೆ.
ಅರ್ಧ ನಿಜ.

ಅವನಪ್ಪ ಸಾಯಬಣ್ಣ ಸೆಂಟ್ರಿಂಗ್ ಕೆಲಸ ಮುಗಿಸಿ ಸಂಜೆ ಬರುತ್ತಿದ್ದ.
ಬಾಗಿಲ ಬಳಿ ನಿಲ್ಲುತ್ತಿದ್ದ, ಬಲಗೈ ಜೇಬಿನಲ್ಲಿ.
ಬಿಸ್ಕತ್ತಿನ ಪೊಟ್ಟಣವನ್ನೂ ಎಡಗೈ, ಹಲ್ಲುಗಳಲ್ಲೇ ಹರಿಯುತ್ತಿದ್ದ.
ಒಂಬತ್ತು ದಿನ ನಾನು ಅದನ್ನು ಬಿಗುಮಾನ ಅಂದುಕೊಂಡಿದ್ದೆ.

"ಅಪ್ಪಾ, ಕೈ ತಗೀ."
ತೆಗೆಯಲಿಲ್ಲ.
"ಅಕ್ಕಾ, ಪಾತೇಲಿ ಅಂವಾ ಹಿಡದಾನ. ಕೈಲೇ. ಬರೀ ಕೈಲೇ."

ಹೊರಬಂತು ಅಂಗೈ.
ಸುಲಿದ ತೊಗಲು, ಬಿರುಕುಗಳಲ್ಲಿ ಬೂದು ಬಣ್ಣ;
ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ.
ನಾನು ಸ್ಟೂಲು ಎಳೆದೆ. ಅವನು ಕೂರಲಿಲ್ಲ,
ಮಗ ಕಾಲುಚೀಲದ ಕೈಯಿಂದ ಜಗ್ಗಿದ ಮೇಲೆ ಕೂತ.
"ತೆಳ್ಳಗ ಹಚ್ಚಕ್ಕಾ. ಶಿರಾ ಅಲ್ಲದು."

ಮೊದಲು ಸಿಮೆಂಟು ತೊಳೆಯಬೇಕಿತ್ತು.
ಟ್ಯೂಬಿನ ಚೀಟಿಯ ಮೇಲೆ ಮಗನ ಹೆಸರಿತ್ತು.
ಅಂಗೈ ದೊಡ್ಡದು,
ಮೂರು ಹೆಸರುಕಾಳು ಹಿಡಿಯಿತು.