ಐಸ್ ಪ್ಲಾಂಟಿನವರ ಮನೆ

ಬಂದರಿನಲ್ಲಿ ಮೂರನೇ ನಂಬರಿನ ಸಿಗ್ನಲ್ ಏರಿಸಿದ್ದಾರಂತೆ.
ಪೆರಾರ್ದೆ ತಿಂಗಳಲ್ಲಿ ಇದೆಂಥ ಕರ್ಮ ಮಾರಾಯ್ತಿ, ಎಂದು
ವಾರಿಜಕ್ಕ ಬೇಲಿಯಾಚೆಯಿಂದಲೇ ಬೈದಳು,
ಗಾಳಿಗೋ ಇಲಾಖೆಗೋ ತಿಳಿಯಲಿಲ್ಲ.

ಮೊದಲು ಮೀನು.
ಹೊಯಿಗೆಯ ಮೇಲೆ ಹರಡಿದ್ದ ನಂಗು ಇನ್ನೂ ಅರೆ ಒಣಗಿದ್ದು,
ಮುಟ್ಟಿದರೆ ಹೊಟ್ಟೆಯ ಹತ್ತಿರ ಮೆತ್ತಗೆ.
ಬಲೆಯ ನಾಲ್ಕು ಮೂಲೆ ಹಿಡಿದು ಒಳಗೆ ತಂದೆವು.
ಈಗ ಇಡೀ ಮನೆ ಕಡಲಿನ ಕಂಕುಳಿನ ಹಾಗೆ ನಾರುತ್ತದೆ.

ಆಮೇಲೆ ಶೀಟು.
ಅಡುಗೆಕೋಣೆಯ ಮೇಲಿನ ಎರಡು
ಜೂನ್ ತಿಂಗಳಿಂದಲೂ ಹಲ್ಲು ಕಡಿಯುತ್ತಿವೆ.
ಗೊಬ್ಬರದ ಚೀಲಗಳಿಗೆ ಹೊಯಿಗೆ ತುಂಬಿ ಹೇರಿ
ಬೋಟಿನ ಹಳೇ ರೋಪಿನಿಂದ ತೆಂಗಿನ ಬುಡಕ್ಕೆ ಬಿಗಿದೆ.
ಈ ಗಂಟು ನನ್ನಪ್ಪ ಕಲಿಸಿದ್ದು.
ಇವರಿಗೆ ಬರುವುದಿಲ್ಲ.
ಬರುತ್ತಿತ್ತು, ಬೆರಳು ಮಡಚುತ್ತಿದ್ದಾಗ.

ಹತ್ತೊಂಬತ್ತು ವರ್ಷ ಮಲ್ಪೆಯ ಐಸ್ ಪ್ಲಾಂಟಿನಲ್ಲಿ
ಕೊಕ್ಕೆ ಹಾಕಿ ಗಡ್ಡೆ ಎಳೆದವರು.
ನಮ್ಮೂರಿಗೆ ಚಳಿ ಆಕಾಶದಿಂದ ಬರುವುದಿಲ್ಲ,
ಅಚ್ಚಿನಿಂದ ಬರುತ್ತದೆ, ಐವತ್ತು ಕಿಲೋದ ಲೆಕ್ಕದಲ್ಲಿ,
ಉಪ್ಪುನೀರಿನ ಟಾಂಕಿಯಿಂದ ಹೊಗೆಯಾಡುತ್ತ ಮೇಲೆದ್ದು.
ಊರೆಲ್ಲ ಫ್ಯಾನ್ ಹಾಕಿ ಮಲಗುವ ರಾತ್ರಿ
ಇವರು ಮಂಕಿ ಟೊಪ್ಪಿ ಹಾಕಿ ಮಲಗುತ್ತಾರೆ.
ನಿಶ್ಮಿತಾ ಸಣ್ಣವಳಿದ್ದಾಗ ನಗುತ್ತಿದ್ದಳು.

ಈಗ ಅವಳು ಕ್ರಿಸ್ಮಸ್ ರಜೆಗೆ ಮೊದಲೇ ಸಿಕ್ಕ ರಜೆಯಲ್ಲಿ
ಟಾರ್ಚು, ಪವರ್ ಬ್ಯಾಂಕು, ನನ್ನ ಹಳೇ ಫೋನು,
ಇದ್ದಬದ್ದ ಎಲ್ಲದಕ್ಕೂ ಕರೆಂಟು ಕುಡಿಸುತ್ತ ಕೂತಿದ್ದಾಳೆ.
ನೋಡಮ್ಮ, ಲಕ್ಷದ್ವೀಪದ ಹತ್ತಿರ, ಎಂದು ತೋರಿಸಿದಳು.
ನೀಲಿಯ ಮೇಲೆ ಬಿಳೀ ಸುಳಿ,
ಯಾರೋ ಹೆಬ್ಬೆಟ್ಟು ಒತ್ತಿ ಹೋದ ಹಾಗೆ.

ಬೆಳಿಗ್ಗೆಯಷ್ಟೇ ಸೊಸೈಟಿಯಲ್ಲಿ ಅಕ್ಕಿಗೆ ನಿಂತಿದ್ದೆವು.
ಇವರ ಹೆಬ್ಬೆರಳನ್ನು ಯಂತ್ರ ಆರು ಸಲ ನೋಡಿತು,
ಆರು ಸಲವೂ ಇಂಥವರು ಇಲ್ಲ ಎಂದಿತು.
ಸೀರೆ ಸೆರಗಲ್ಲಿ ಒರೆಸಿ, ಊದಿ, ಒತ್ತಿಸಿದೆ.
ಕೊನೆಗೆ ನನ್ನ ಬೆರಳಿಗೇ ಅಕ್ಕಿ ಸಿಕ್ಕಿತು.
ಗೆರೆಗಳೆಲ್ಲ ಐಸಿಗೆ ಹೋದವು, ಎಂದು
ಅಂಗಡಿಯ ಹುಡುಗನಿಗೆ ಇವರೇ ಸಮಾಧಾನ ಹೇಳಿದರು.

ಸಂಜೆ ನಾಲ್ಕಕ್ಕೇ ಮನೆಗೆ ಬಂದರು, ಎಂದೂ ಇಲ್ಲದ್ದು.
ಬೋಟುಗಳೆಲ್ಲ ಧಕ್ಕೆಯಲ್ಲಿ ಒಂದಕ್ಕೊಂದು ಒರಗಿ ನಿಂತಿವೆ,
ಐಸು ಕೇಳುವವರಿಲ್ಲ.
ಧಣಿ ಮೆಷಿನ್ ನಿಲ್ಲಿಸಿ, ಮೂರು ದಿನ ಬರಬೇಡಿ ಎಂದರಂತೆ.
ಇನ್ನೂರು ಗಡ್ಡೆ ಹಾಗೇ ಕರಗಲಿಕ್ಕೆ ಬಿಟ್ಟು.
ಚರಂಡಿಯ ಪಕ್ಕ ನಿಂತು ನೋಡಿದೆ, ಎಂದರು.
ಮತ್ತೇನೂ ಹೇಳಲಿಲ್ಲ.

ಗೆರಟೆ ಒಟ್ಟಿದ್ದೆ, ಒಣಗಿದ ಮಡಲು ಮಂಚದ ಕೆಳಗೆ,
ಗ್ಯಾಸು ಉಳಿಯಲಿ ಎಂದು ಹಳೇ ಒಲೆಗೆ ಬೂದಿ ತೆಗೆದು
ಬೆಂಕಿ ಮಾಡಿದೆ. ಮರಳು ಹುರಿದು ಬಟ್ಟೆಗೆ ಕಟ್ಟಿದೆ.
ಕರೆಂಟು ಹೋಯಿತು.
ವಾರಿಜಕ್ಕನ ಮನೆಯ ಬಕೆಟ್ಟೊಂದು
ತನ್ನಷ್ಟಕ್ಕೇ ಅಂಗಳ ದಾಟಿ ಹೋದ ಸದ್ದು.

ಒಲೆಯ ಮೇಲಿನ ಹಗ್ಗಕ್ಕೆ ನಂಗು,
ಒಲೆಯ ಮುಂದೆ ಇವರ ಎರಡು ಕೈ.
ಇನ್ನೂ ಸ್ವಲ್ಪ ಹತ್ತಿರ ಹಿಡಿಯಿರಿ, ಎಂದೆ.
ಹಿಡಿದೇ ಇದ್ದೇನೆ, ಎಂದರು.

ಶೀಟು ಒಮ್ಮೆ ಎದ್ದು ಕೂತಿತು.
ಗಂಟು ಬಿಡಲಿಲ್ಲ.