ಒಂದು ಗೋಲಿ

ಇವತ್ತು ಬ್ರಿಕಾಮದಲ್ಲಿ, ಶಾಲೆಯ ಹತ್ತಿರ ಸೈಕಲ್ ತರುವಂತಿಲ್ಲ.
ಗಂಟೆಗೆ ಗಂಟೆ ಕಲೆಸಿಹೋದೀತಂತೆ.
ಅಣ್ಣ ದೆಂಬೊ ರಿಪೇರಿ ಅಂಗಡಿಗೆ
ಬೀಗ ಹಾಕಿ ಬಂದ, ಗೊಣಗುತ್ತಲೇ.

ಬೆರಳಿನ ಶಾಯಿ ಒಣಗುವ ಮುಂಚೆ
ಕೈಗಿಟ್ಟರು ಒಂದು ಗೋಲಿ.
ತಣ್ಣಗಿತ್ತು.
ಮಾವಿನಡಿ ದೆಂಬೊನಿಂದ ಗೆದ್ದವಕ್ಕಿಂತ
ಚೂರು ಸಣ್ಣದು.

ಪರದೆಯ ಹಿಂದೆ ಸಾಲು ಡ್ರಮ್ಮುಗಳು,
ಒಂದೊಂದಕ್ಕೂ ಒಂದು ಬಣ್ಣ, ಒಂದು ನಗುವ ಮುಖ.
ಅಧ್ಯಕ್ಷರಾಗಲು ಇಷ್ಟು ಹಲ್ಲು ಬೇಕೆ?
ಅಪ್ಪ ಹೇಳಿಕೊಟ್ಟದ್ದು ಒಂದು ಬಣ್ಣ;
ಅತ್ತೆ ಯಾಸಿನ್ ಅಕ್ಕಿಮೂಟೆ ಇಸಕೊಂಡದ್ದು ಇನ್ನೊಂದರಿಂದ.
ಆಟದ ಹಳೇ ರೂಢಿ,
ಜೇಬಿಗಿಳಿಸಿಬಿಡಲೇ ಅನಿಸಿತು.

ಬಿಟ್ಟೆ, ಕೊಳವೆಯೊಳಗೆ.
ಟಣ್.

ಹೊರಗಿನವರಿಗೆ ಕೇಳಿದ್ದು ಅಷ್ಟೇ:
ಹಾಕಿದಳು ಎಂದು. ಯಾರಿಗೆ ಎಂದಲ್ಲ.
ಅಪ್ಪ ನನ್ನ ಮುಖವನ್ನೇ ನೋಡಿದ.
ನಾನು ದೆಂಬೊನ ಕೇಳಿದೆ,
ಅಂಗಡಿ ಎಷ್ಟೊತ್ತಿಗೆ ತೆಗೀತೀಯ?